ದುಃಖ ಸಿಕ್ಕಿತು, ಹುಡುಕಾಟ ನಿಂತಿತು

ಹೃದಯಾಘಾತದಂತೆಯೇ ಕಾಣಿಸಿಕೊಂಡು ಹೃದಯಾಘಾತವಲ್ಲದ ಕಾಯಿಲೆಯೊಂದಿದೆ. ರಕ್ತನಾಳದಲ್ಲಿ ಅಡ್ಡಿಯಿರುವುದಿಲ್ಲ, ಆದರೂ ಹೃದಯದ ಸ್ನಾಯು ಕೆಲವು ದಿನ, ಕೆಲವು ವಾರ ಸೋತು ನಿಲ್ಲುತ್ತದೆ. ಹೆಚ್ಚಾಗಿ ಕಾಣುವುದು ಮುಟ್ಟು ನಿಂತ ವಯಸ್ಸಿನ ಹೆಂಗಸರಲ್ಲಿ, ಅನೇಕ ಸಲ ಸಾವು, ಜಗಳ, ಭಯಗಳ ಬೆನ್ನಿಗೆ. ನಮ್ಮ ಕಡೆ ‘ಎದೆ ಒಡೆದುಹೋಯಿತು’ ಎನ್ನುತ್ತಾರೆ. ವೈದ್ಯರು ತಕೋತ್ಸುಬೋ ಎನ್ನುತ್ತಾರೆ.

ಅದರ ಬಗ್ಗೆ ಈ ಮಾತುಕತೆ ನಡೆದದ್ದು ಮಲೆನಾಡಿನ ತಾಲ್ಲೂಕು ಕೇಂದ್ರವೊಂದರ ಕ್ಲಿನಿಕ್ಕಿನಲ್ಲಿ, ಸಂಜೆಯ ರೋಗಿಗಳೆಲ್ಲ ಹೋದ ಮೇಲೆ. ಒಬ್ಬರು ಊರಿನ ಹಳೆಯ ವೈದ್ಯರು. ಇನ್ನೊಬ್ಬಳು ಅವರ ತಂಗಿಯ ಮಗಳು, ಬೆಂಗಳೂರಿನಲ್ಲಿ ಹಾರ್ಮೋನು ಕಾಯಿಲೆಗಳ ತಜ್ಞೆ. ಇಬ್ಬರ ನಡುವೆ ಮೇಜಿನ ಮೇಲೆ ಒಬ್ಬ ಹೆಂಗಸಿನ ರಿಪೋರ್ಟುಗಳ ಕಟ್ಟು. ಕೇಳುತ್ತ ಕೂತಿದ್ದ ನಾನು ವೈದ್ಯನಲ್ಲ.

ಹಿರಿಯರು: ಈ ಹೆಂಗಸಿನ ವಿಷಯದಲ್ಲಿ ಗುಟ್ಟೇನೂ ಇಲ್ಲ ಕಣಮ್ಮ. ಗಂಡ ಹೋಗಿ ಐದನೇ ದಿನ. ದೂರದ ನೆಂಟರು ಯಾರೋ ಬಂದು ತಬ್ಬಿಕೊಂಡು ಅತ್ತರಂತೆ. ಅಲ್ಲೇ ಎದೆ ಹಿಡ್ಕೊಂಡು ಕುಸಿದಳು. ಇಲ್ಲಿಗೆ ತಂದಾಗ ಇಸಿಜಿ ಥೇಟ್ ಹಾರ್ಟ್ ಅಟ್ಯಾಕಿಂದೇ. ಮಾತ್ರೆ ನುಂಗಿಸಿ ಆಂಬುಲೆನ್ಸ್ ಹತ್ತಿಸಿದೆ. ಜಿಲ್ಲಾಸ್ಪತ್ರೆ ಊರಲ್ಲಿ ಆಂಜಿಯೋಗ್ರಾಂ ಆಯ್ತು. ಎಲ್ಲೂ ಬ್ಲಾಕ್ ಇಲ್ಲ. ಎಕೋದಲ್ಲಿ ಮಾತ್ರ ಎಡಗಡೆ ಕೋಣೆಯ ತುದಿ ಅಲ್ಲಾಡದೆ ಉಬ್ಬಿ ನಿಂತಿತ್ತು, ಬುಡ ಜೋರಾಗಿ ಹಿಂಡ್ತಾ ಇತ್ತು. ಮೂರು ವಾರಕ್ಕೆ ಎಲ್ಲ ಸರಿಹೋಯ್ತು. ದುಃಖಕ್ಕೆ ಬಂತು, ಕಾಲ ಕಳೆದಂಗೆ ಹೋಯ್ತು.

ಕಿರಿಯವಳು: ಮಾವ, ಗಂಡ ಹೋಗೋಕೆ ಮುಂಚೆ ಅವರು ಹೇಗಿದ್ದರು ಅಂತ ಯಾರಾದರೂ ಕೇಳಿದ್ರಾ?

ಹಿರಿಯರು: ಮುಂಚೆ ಹೇಗಿರ್ತಾಳೆ? ಎರಡು ವರ್ಷ ಹಾಸಿಗೆ ಹಿಡಿದ ಗಂಡನ ಸೇವೆ. ಸೊರಗಿದ್ದಳು.

ಕಿರಿಯವಳು: ಅದೇ ನೋಡಿ. ‘ಸೊರಗಿದ್ದಳು’ ಅಂದಮೇಲೆ ನಾವು ಯಾರೂ ಮುಂದೆ ಹೋಗಲೇ ಇಲ್ಲ. ಇವತ್ತು ಬೆಳಿಗ್ಗೆ ನಿಮ್ಮ ಬೆಂಚಿನ ಮೇಲೆ ಕೂತಿದ್ದಾಗ ನಾನು ಅವರ ಕೈ ನೋಡಿದೆ. ಬೆರಳು ಚಾಚಿಸಿದರೆ ಸಣ್ಣಗೆ ನಡುಗುತ್ತೆ. ಕುತ್ತಿಗೆಯಲ್ಲಿ ಥೈರಾಯ್ಡ್ ದಪ್ಪ. ಕಳೆದ ವರ್ಷದ ರವಿಕೆ ಸಡಿಲ ಆಗಿದೆ, ಊಟ ಮಾತ್ರ ಮುಂಚಿಗಿಂತ ಜಾಸ್ತಿ ಅಂತಾರೆ. ಹೊದಿಕೆ ಇಲ್ಲದೆ ಮಲಗ್ತಾರಂತೆ, ಈ ಮಲೆನಾಡಿನ ಚಳೀಲಿ. ಹೋದ ವಾರ ನೀವು ಸುಮ್ಮನೆ ಒಂದು ಸಲ ಇರಲಿ ಅಂತ ಕಳಿಸಿದ ರಕ್ತದ ರಿಪೋರ್ಟ್ ಇಲ್ಲಿದೆ. ಟಿಎಸ್‌ಎಚ್ ಇಲ್ಲವೇ ಇಲ್ಲ ಅನ್ನೋ ಮಟ್ಟಕ್ಕೆ ಇಳಿದಿದೆ, ಟಿ4 ಮೇಲೇರಿದೆ, ಅಂದರೆ ಥೈರಾಯ್ಡ್ ಅತಿಯಾಗಿ ಕೆಲಸ ಮಾಡ್ತಾ ಇದೆ.

ಹಿರಿಯರು: ಆತುರ ಬೇಡ. ಆಂಜಿಯೋಗ್ರಾಂಗೆ ಹಾಕೋ ಡೈನಲ್ಲಿ ಅಯೋಡಿನ್ ತುಂಬಿರುತ್ತೆ. ಆ ಅಯೋಡಿನ್ನಿಗೇ ಕೆಲವರ ಥೈರಾಯ್ಡ್ ಕೆರಳುತ್ತೆ. ಆಸ್ಪತ್ರೆಯಲ್ಲಿ ನಾವೇ ಮಾಡಿದ ತೊಂದರೆಯನ್ನ ಕಾಯಿಲೆಯ ಕಾರಣ ಅಂತ ಓದಬೇಡ.

ಕಿರಿಯವಳು: ನ್ಯಾಯವಾದ ಪ್ರಶ್ನೆ. ಅದಕ್ಕೇ ಆಂಜಿಯೋಗ್ರಾಂ ಟೇಬಲ್ ಹತ್ತಿಸೋಕೆ ಮುಂಚೆ ಥೈರಾಯ್ಡಿಗೂ ಒಂದು ಟ್ಯೂಬ್ ರಕ್ತ ತೆಗೆದಿಡಿ ಅಂತ ನಾನು ಹೃದಯತಜ್ಞರ ಬೆನ್ನು ಬೀಳೋದು. ಆದರೆ ಇವರ ವಿಷಯದಲ್ಲಿ ಎರಡು ಸಾಕ್ಷಿ ಇದೆ. ರವಿಕೆ ಸಡಿಲ ಆಗಿದ್ದು ಆಂಜಿಯೋಗ್ರಾಂಗೆ ಎಷ್ಟೋ ತಿಂಗಳ ಮುಂಚೆ. ಇನ್ನೊಂದು, ಥೈರಾಯ್ಡನ್ನ ಕೆರಳಿಸೋ ಗ್ರೇವ್ಸ್ ಕಾಯಿಲೆಯ ಗುರುತು ಅನ್ನಬಹುದಾದ ಆಂಟಿಬಾಡಿ ಈ ರಕ್ತದಲ್ಲಿದೆ. ಅಯೋಡಿನ್ ಅದನ್ನ ಹುಟ್ಟಿಸಿ ಇಷ್ಟು ಬೇಗ ತಂದಿಡೋದಿಲ್ಲ.

ಹಿರಿಯರು: ಸರಿ, ಗ್ರೇವ್ಸ್ ಇತ್ತು ಅಂತಲೇ ಇಟ್ಕೋ. ಆದರೆ ಅವಳು ಕುಸಿದಿದ್ದು ಐದನೇ ದಿನ, ಆ ತಬ್ಬುಗೆಯಲ್ಲಿ. ಹೋದ ವರ್ಷ ಅಲ್ಲ. ಥೈರಾಯ್ಡು ಕೆಡವಿದ್ದರೆ ಯಾವಾಗ ಬೇಕಾದರೂ ಕೆಡವಬಹುದಿತ್ತು.

ಕಿರಿಯವಳು: ದುಃಖ ಸುಳ್ಳು ಅಂತ ನಾನು ಎಲ್ಲಿ ಹೇಳಿದೆ? ದುಃಖ ಬಂದಾಗ ಅಡ್ರಿನಲಿನ್ ನುಗ್ಗುತ್ತೆ. ಥೈರಾಯ್ಡ್ ಹಾರ್ಮೋನು ಜಾಸ್ತಿ ಇರೋ ಹೃದಯದಲ್ಲಿ ಅಡ್ರಿನಲಿನ್ ಬಂದು ಕೂರುವ ಗ್ರಾಹಕಗಳೂ ಹೆಚ್ಚು, ಅವುಗಳ ಚುರುಕೂ ಹೆಚ್ಚು. ಬೇರೆಯವರ ಹೃದಯ ತಡೆದುಕೊಳ್ಳೋ ಅಷ್ಟೇ ದುಃಖವನ್ನ ಇವರ ಹೃದಯ ಹಲವು ಪಟ್ಟು ಮಾಡಿ ಕೇಳಿಸಿಕೊಂಡಿದೆ.

ಹಿರಿಯರು ಸ್ವಲ್ಪ ಹೊತ್ತು ರಿಪೋರ್ಟನ್ನೇ ನೋಡುತ್ತ ಕೂತರು. ಕನ್ನಡಕ ತೆಗೆದು ಮತ್ತೆ ಹಾಕಿಕೊಂಡರು.

ಹಿರಿಯರು: ಈ ತಕೋತ್ಸುಬೋ ನಮ್ಮ ಓದಿನ ಕಾಲದಲ್ಲಿ ಪುಸ್ತಕದಲ್ಲೇ ಇರಲಿಲ್ಲ. ಜಪಾನಿನ ಹಿರೋಶಿಮಾದಲ್ಲಿ ಸಾತೋ ಅನ್ನೋರು 1990ರಲ್ಲಿ ಬರೆದರು. ಅಲ್ಲಿನ ಮೀನುಗಾರರು ಆಕ್ಟೋಪಸ್ ಹಿಡಿಯೋಕೆ ಇಡೋ ಮಡಕೆ, ಕೊರಳು ಸಣ್ಣ, ಹೊಟ್ಟೆ ದುಂಡು. ಎಕ್ಸ್-ರೇ ಚಿತ್ರದಲ್ಲಿ ಹೃದಯ ಹಾಗೇ ಕಂಡಿದ್ದಕ್ಕೆ ಆ ಹೆಸರು. ಆಮೇಲೆ 2004ರ ಅಕ್ಟೋಬರಿನಲ್ಲಿ ನೀಗಾತದಲ್ಲಿ ಭೂಕಂಪ ಆಯ್ತು. ನಂತರದ ದಿನಗಳಲ್ಲಿ ಅಲ್ಲಿನ ಆಸ್ಪತ್ರೆಗಳಿಗೆ ಇಂಥ ಹೃದಯಗಳು ಸಾಲಾಗಿ ಬಂದವು, ಹೆಚ್ಚಿನವರು ವಯಸ್ಸಾದ ಹೆಂಗಸರು. ಭೂಮಿ ನಡುಗಿದ್ದಕ್ಕೆ ಯಾರ ಥೈರಾಯ್ಡು ಕಾರಣ ಹೇಳು?

ಕಿರಿಯವಳು: ಭೂಮಿ ನಡುಗಿದ್ದು ಇಡೀ ಜಿಲ್ಲೆಗೆ. ಹೃದಯ ಸೋತಿದ್ದು ಕೆಲವರಿಗೆ. ನನ್ನ ಪ್ರಶ್ನೆ ಆ ಕೆಲವರ ಬಗ್ಗೆ.

ಹಿರಿಯರು: ಮುಟ್ಟು ನಿಂತಿದ್ದು ಅಂತೀಯ.

ಕಿರಿಯವಳು: ಅದೂ ಒಂದು. ಅದೂ ಹಾರ್ಮೋನೇ ಅಲ್ವಾ? ಯುರೋಪು, ಅಮೆರಿಕದ ಆಸ್ಪತ್ರೆಗಳು ಸೇರಿ 1,750 ರೋಗಿಗಳ ಲೆಕ್ಕವನ್ನ 2015ರಲ್ಲಿ ಪ್ರಕಟಿಸಿದರು. ನೂರಕ್ಕೆ ಸುಮಾರು 90 ಹೆಂಗಸರು, ಸರಾಸರಿ ವಯಸ್ಸು 66 ದಾಟಿತ್ತು. ಅಂಡಾಶಯ ತೆಗೆದ ಹೆಣ್ಣಿಲಿಗಳನ್ನ ಕಟ್ಟಿಹಾಕಿ ಹೆದರಿಸಿದರೆ ಅವುಗಳ ಹೃದಯ ಹೀಗೇ ಸೋಲುತ್ತೆ, ಈಸ್ಟ್ರೋಜೆನ್ ಕೊಟ್ಟರೆ ಸೋಲು ಕಡಿಮೆ ಆಗುತ್ತೆ ಅಂತ ಜಪಾನಿನ ಪ್ರಯೋಗಗಳಿವೆ.

ಹಿರಿಯರು: ಹಾಗಾದರೆ ಊರಿನ ಹೆಂಗಸರಿಗೆಲ್ಲ ಈಸ್ಟ್ರೋಜೆನ್ ಮಾತ್ರೆ ಬರೆಯೋಣವಾ?

ಕಿರಿಯವಳು: ಬೇಡ. ಆ ದಾರಿಯಲ್ಲಿ ಅಮೆರಿಕ ಹೋಗಿ ನೋಡಿದೆ. ಹೃದಯ ಕಾಯುತ್ತೆ ಅಂತ ನಂಬಿ ಹಾರ್ಮೋನು ಕೊಡ್ತಿದ್ದ ದೊಡ್ಡ ಅಧ್ಯಯನವನ್ನ 2002ರಲ್ಲಿ ಅರ್ಧದಲ್ಲೇ ನಿಲ್ಲಿಸಬೇಕಾಯ್ತು, ಸ್ತನ ಕ್ಯಾನ್ಸರು, ಹೃದಯಾಘಾತ, ಪಾರ್ಶ್ವವಾಯು ಹೆಚ್ಚಾಗಿದ್ದಕ್ಕೆ. ಇಲಿಯಿಂದ ಹೆಂಗಸಿಗೆ ನೇರ ಸೇತುವೆ ಇಲ್ಲ. ಆದರೆ ಅದೇ 2015ರ ಲೆಕ್ಕದಲ್ಲಿ ಇನ್ನೊಂದು ಸಂಗತಿ ಇದೆ. ಮನಸ್ಸಿನ ಆಘಾತ ಕಾರಣ ಅಂತ ಕಂಡಿದ್ದು ನೂರಕ್ಕೆ 28ರಷ್ಟು ಜನರಲ್ಲಿ. ಆಪರೇಷನ್ನು, ಸೋಂಕು, ಉಸಿರಾಟದ ತೊಂದರೆಯಂಥ ದೇಹದ ಆಘಾತ 36ರಲ್ಲಿ. ಇನ್ನೂ 28ರಷ್ಟು ಜನರಲ್ಲಿ ಯಾವ ಕಾರಣವೂ ಕಾಣಲಿಲ್ಲ. ‘ಕಾರಣ ಕಾಣಲಿಲ್ಲ’ ಅನ್ನೋ ಈ ಗುಂಪಿನ ಬಗ್ಗೆ ನನಗೆ ನಿದ್ದೆ ಬರಲ್ಲ ಮಾವ.

ಹಿರಿಯರು: ನೀನು ಗೆಡ್ಡೆ ಹುಡುಕ್ತಾ ಇದ್ದೀಯ. ಫಿಯೋಕ್ರೋಮೋಸೈಟೋಮಾ.

ಕಿರಿಯವಳು: ಹೌದು, ಅದೂ. ಮೂತ್ರಪಿಂಡದ ತಲೆ ಮೇಲಿರೋ ಅಡ್ರಿನಲ್ ಗ್ರಂಥಿಯಲ್ಲಿ ಗೆಡ್ಡೆ ಬೆಳೆದು, ಅದು ತನ್ನಿಷ್ಟದಂತೆ ಅಡ್ರಿನಲಿನ್ ಸುರಿಸುತ್ತೆ. ತಲೆನೋವು, ಬೆವರು, ಎದೆಬಡಿತ, ಏರಿಳಿಯೋ ಬಿಪಿ. ಮನೇಲಿ ಎಲ್ಲರೂ ಏನಂತಾರೆ? ‘ಅವಳಿಗೆ ಗಾಬರಿ ಸ್ವಭಾವ’ ಅಂತಾರೆ.

ಹಿರಿಯರು: ಆದರೆ ಅದನ್ನ ತಕೋತ್ಸುಬೋ ಅನ್ನಬೇಡ. ಮೇಯೋ ಕ್ಲಿನಿಕ್‌ನವರು ಮಾಡಿದ ಸೂತ್ರದಲ್ಲಿ ಫಿಯೋ ಇದ್ದರೆ ಇದು ತಕೋತ್ಸುಬೋ ಅಲ್ಲ ಅಂತ ಸ್ಪಷ್ಟವಾಗಿತ್ತು. ಗೆಡ್ಡೆಯ ಕಾಯಿಲೆ ಬೇರೆ, ಮನುಷ್ಯ ತನ್ನವರನ್ನ ಕಳಕೊಂಡು ಬೀಳೋದು ಬೇರೆ.

ಕಿರಿಯವಳು: ಆ ಗೋಡೆ ಬಿದ್ದಿದೆ. 2018ರ ಅಂತಾರಾಷ್ಟ್ರೀಯ ಒಮ್ಮತದಲ್ಲಿ ಫಿಯೋ ಕೂಡ ಕಾರಣಗಳ ಪಟ್ಟಿಗೆ ಸೇರಿತು. ಅಡ್ರಿನಲಿನ್ ಸಾವಿನ ಮನೆಯಿಂದ ಬಂತಾ, ಗೆಡ್ಡೆಯಿಂದ ಬಂತಾ ಅನ್ನೋದು ಹೃದಯದ ಸ್ನಾಯುವಿಗೆ ಗೊತ್ತಾಗಲ್ಲ. ಜಾನ್ಸ್ ಹಾಪ್ಕಿನ್ಸ್‌ನವರು 2005ರಲ್ಲಿ ಮನಸ್ಸಿನ ಆಘಾತದಿಂದಲೇ ಬಿದ್ದ 19 ಜನರ ರಕ್ತ ನೋಡಿದರು. ಅಡ್ರಿನಲಿನ್ ಗುಂಪಿನ ರಾಸಾಯನಿಕಗಳು ಆರೋಗ್ಯವಂತರಿಗಿಂತ 7ರಿಂದ 34 ಪಟ್ಟು ಹೆಚ್ಚಿದ್ದವು, ಅಷ್ಟೇ ತೀವ್ರವಾದ ಹೃದಯಾಘಾತದವರಿಗಿಂತಲೂ ಎರಡು ಮೂರು ಪಟ್ಟು. ಅಳುವೇ ಇಷ್ಟು ಸುರಿಸುತ್ತೆ ಅಂದಮೇಲೆ, ಇದರ ಹಿಂದೆ ಗೆಡ್ಡೆ ಇದೆಯಾ ಇಲ್ಲವಾ ಅಂತ ಹೊರಗಿನಿಂದ ನೋಡಿ ಹೇಗೆ ಹೇಳ್ತೀರಿ?

ಹಿರಿಯರು: ಈಗ ನೀನೇ ನಿನ್ನ ಕೈ ಕಟ್ಟಿಕೊಂಡೆ. ಅಳುವೇ ಅಷ್ಟು ಸುರಿಸಿದರೆ ಗೆಡ್ಡೆ ಹುಡುಕೋ ನಿನ್ನ ಟೆಸ್ಟು ಏನು ಹೇಳುತ್ತೆ? ಐಸಿಯುನಲ್ಲಿ ಮಲಗಿರೋರ ರಕ್ತದಲ್ಲಿ ಅಡ್ರಿನಲಿನ್ ಒಡೆದು ಆಗೋ ಮೆಟಾನೆಫ್ರಿನ್ ಹೆಚ್ಚೇ ಇರುತ್ತೆ. ಖಿನ್ನತೆಗೆ ಕೊಡೋ ಕೆಲವು ಮಾತ್ರೆಗೂ ಏರುತ್ತೆ. ಏರಿದೆ ಅಂತ ಸಿಟಿ ಸ್ಕ್ಯಾನ್ ಮಾಡಿಸ್ತೀಯ. ವಯಸ್ಸಾದವರ ಹೊಟ್ಟೆಯಲ್ಲಿ ಯಾವುದೋ ಕೆಲಸಕ್ಕೆ ಬಾರದ ಗಂಟು ಕಾಣುತ್ತೆ. ಅದಕ್ಕೆ ಇನ್ನೊಂದು ಟೆಸ್ಟು. ತೋಟದ ಸಾಲ ತೀರದ ಮನೆ, ಕಾಣದ ಕಾಯಿಲೆಗೆ ಇನ್ನೊಂದು ಸಾಲ. ಗಂಡನನ್ನ ಕಳಕೊಂಡ ಹೆಂಗಸಿನ ಕೈಯಲ್ಲಿ 24 ಗಂಟೆ ಮೂತ್ರ ಹಿಡಿಯೋ ಕ್ಯಾನು ಕೊಟ್ಟು ಕಳಿಸೋದು ನನಗೆ ಸರಿ ಕಾಣಲ್ಲ.

ಇಲ್ಲಿ ಆಕೆ ತಕ್ಷಣ ಉತ್ತರ ಕೊಡಲಿಲ್ಲ. ಹಿರಿಯರ ಮಾತಿನಲ್ಲಿ ಹಣದ ಲೆಕ್ಕ ಮಾತ್ರವಲ್ಲ, ರೋಗಿಯ ಮಾನದ ಲೆಕ್ಕವೂ ಇತ್ತು. ದೊಡ್ಡ ಆಸ್ಪತ್ರೆಗಳ ಚರ್ಚೆಗಳಲ್ಲಿ ಈ ಎರಡನೆಯದು ಅಪರೂಪಕ್ಕೆ ಬರುತ್ತದೆ ಎಂದು ನನಗನ್ನಿಸಿತು.

ಕಿರಿಯವಳು: ಸುಳ್ಳು ಏರಿಕೆ ನಿಜ, ಒಪ್ತೀನಿ. ಕಾಯಿಲೆ ಬಿದ್ದ ದಿನಗಳಲ್ಲಿ ಟಿಎಸ್‌ಎಚ್ ಕೂಡ ಸುಳ್ಳು ಹೇಳುತ್ತೆ. ಅದಕ್ಕೇ ಎಲ್ಲರಿಗೂ ಅವತ್ತೇ ಎಲ್ಲಾ ಟೆಸ್ಟು ಮಾಡಿ ಅನ್ನೋಳಲ್ಲ ನಾನು. ಆರು ವಾರ ಕಳೆಯಲಿ. ಬಿಪಿ ಏರಿಳಿತ, ಬೆವರು, ತಲೆನೋವು ಇರೋರಿಗೆ, ಎರಡನೇ ಸಲ ಹೀಗೆ ಬಿದ್ದವರಿಗೆ, ಕಾರಣವೇ ಸಿಗದವರಿಗೆ ಮಾಡೋಣ. ಆದರೆ ಒಂದು ಟೆಸ್ಟು ಮಾತ್ರ ಬಿದ್ದ ದಿನವೇ ಸತ್ಯ ಹೇಳುತ್ತೆ. ಕಾರ್ಟಿಸಾಲ್. ಬಿಪಿ ಇಳಿದು ಮನುಷ್ಯ ಸಾಯೋ ಸ್ಥಿತಿಯಲ್ಲಿದ್ದಾಗ ಅದು ತೀರಾ ಮೇಲಿರಬೇಕು. ಆಗಲೂ ಕಡಿಮೆ ಇದೆ ಅಂದರೆ ಅದನ್ನ ಸುರಿಸೋ ಅಡ್ರಿನಲ್, ಇಲ್ಲ ಅದಕ್ಕೆ ಅಪ್ಪಣೆ ಕೊಡೋ ಪಿಟ್ಯುಟರಿ ಗ್ರಂಥಿ ಕೈಕೊಟ್ಟಿದೆ ಅಂತಲೇ ಅನುಮಾನ ಪಡಬೇಕು.

ಹಿರಿಯರು: ಕಾರ್ಟಿಸಾಲ್ ಇಲ್ಲದವರಿಗೆ ಹೃದಯ ಯಾಕೆ ಸೋಲಬೇಕು? ಅಲ್ಲಿ ಹಾರ್ಮೋನು ಕಡಿಮೆ ಅಲ್ವಾ?

ಕಿರಿಯವಳು: ಕಾರ್ಟಿಸಾಲ್ ಇಲ್ಲದಿದ್ದರೆ ರಕ್ತನಾಳಗಳು ಸರಿಯಾಗಿ ಬಿಗಿಯಾಗೋದಿಲ್ಲ. ಬಿಪಿ ಬೀಳುತ್ತೆ, ಸಕ್ಕರೆ ಬೀಳುತ್ತೆ, ಸೋಡಿಯಂ ಬೀಳುತ್ತೆ. ಇದನ್ನ ಎತ್ತಿ ಹಿಡಿಯೋಕೆ ನರಗಳು ನಾರ್‌ಅಡ್ರಿನಲಿನ್ ಸುರಿಸ್ತಾ ಹೋಗ್ತವೆ. ಅಂಥವರಲ್ಲಿ ತಕೋತ್ಸುಬೋ ಆದದ್ದು ವರದಿಯಾಗಿದೆ, ಜಪಾನಿನಿಂದಲೇ ಹಲವು. ಹೃದಯ ಸೋತಿದೆ ಅಂತ ಡ್ರಿಪ್ಪಿನಲ್ಲಿ ಮತ್ತಷ್ಟು ಅದೇ ಔಷಧಿ ಏರಿಸ್ತೀವಿ. ಬಿಪಿ ಏಳಲ್ಲ. ಹೈಡ್ರೋಕಾರ್ಟಿಸೋನ್ ಇಂಜೆಕ್ಷನ್ ಕೊಟ್ಟರೆ ಏಳುತ್ತೆ. ಆ ಇಂಜೆಕ್ಷನ್ ನಿಮ್ಮ ಕ್ಲಿನಿಕ್ಕಿನ ಕಪಾಟಿನಲ್ಲೂ ಇದೆ, ಉಬ್ಬಸಕ್ಕೆ ಅಂತ ಇಟ್ಟಿದ್ದೀರಿ.

ಹಿರಿಯರು: ಇರು. ನನಗೊಂದು ಹೊಳೀತಾ ಇದೆ. ಮನೆಯಲ್ಲೇ ಹೆರಿಗೆ ಆಗ್ತಿದ್ದ ಕಾಲದಲ್ಲಿ, ಸೂಲಗಿತ್ತಿ ಕೈ ಮೀರಿ ರಕ್ತ ಹೋಗಿ, ಹೇಗೋ ಬದುಕಿ ಉಳಿದ ಬಾಣಂತಿಯರು. ಅವರಿಗೆ ಹಾಲೇ ಬರ್ತಿರಲಿಲ್ಲ. ಮುಟ್ಟು ವಾಪಸ್ ಬರ್ತಿರಲಿಲ್ಲ. ಸದಾ ಸುಸ್ತು, ಚಳಿ, ಬಿಳಿಚಿಕೊಂಡ ಮುಖ. ‘ಬಾಣಂತನ ಸರಿಯಾಗಲಿಲ್ಲ’ ಅಂತ ಊರೆಲ್ಲ ಮಾತಾಡ್ತಿತ್ತು.

ಕಿರಿಯವಳು: ಶೀಹನ್ ಸಿಂಡ್ರೋಮ್. ಬಸುರಿಯಲ್ಲಿ ಪಿಟ್ಯುಟರಿ ದಪ್ಪ ಆಗಿರುತ್ತೆ, ಅದಕ್ಕೆ ರಕ್ತ ಹೆಚ್ಚು ಬೇಕು. ಹೆರಿಗೆಯಲ್ಲಿ ರಕ್ತ ಸುರಿದು ಬಿಪಿ ಬಿದ್ದರೆ ಆ ಗ್ರಂಥಿ ಸಾಯುತ್ತೆ, ಅದರ ಅಪ್ಪಣೆಯಲ್ಲಿರೋ ಹಾಲು, ಮುಟ್ಟು, ಥೈರಾಯ್ಡು, ಕಾರ್ಟಿಸಾಲ್ ಎಲ್ಲ ಸೊರಗುತ್ತೆ. ಶೀಹನ್ 1937ರಲ್ಲಿ ಬರೆದಿದ್ದು. ಶ್ರೀಮಂತ ದೇಶಗಳಲ್ಲಿ ಅಪರೂಪ ಆಗಿದೆ. ನಮ್ಮಲ್ಲಿ ಈಗಲೂ ಬರ್ತಾರೆ, ಹೆರಿಗೆಯಾಗಿ ಹದಿನೈದು ಇಪ್ಪತ್ತು ವರ್ಷ ಕಳೆದ ಮೇಲೆ. ಅಷ್ಟು ವರ್ಷ ಅರೆಜೀವದಲ್ಲಿ ಮನೆ ಕೆಲಸ ಮಾಡಿಕೊಂಡು ಇರ್ತಾರೆ. ಒಂದು ಜ್ವರ, ಒಂದು ವಾಂತಿ ಭೇದಿ, ಒಂದು ಸಾವು. ಆಗ ಬೀಳ್ತಾರೆ.

ಹಿರಿಯರು: ಅಂಥವರಿಗೆ ಥೈರಾಯ್ಡ್ ಕಡಿಮೆ ಅಂತ ರಿಪೋರ್ಟ್ ನೋಡಿ ಥೈರಾಕ್ಸಿನ್ ಶುರು ಮಾಡಿದರೆ ಕೆಡುತ್ತಾರೆ ಅಂತ ನಮ್ಮ ಮೇಷ್ಟ್ರು ಹೇಳಿಕೊಟ್ಟಿದ್ದರು. ಮೊದಲು ಸ್ಟೆರಾಯ್ಡು, ಆಮೇಲೆ ಥೈರಾಕ್ಸಿನ್.

ಕಿರಿಯವಳು: ಇದನ್ನ ಪತ್ತೆ ಹಚ್ಚೋ ಮೊದಲ ಟೆಸ್ಟಿಗೆ ಒಂದು ರೂಪಾಯಿ ಖರ್ಚಿಲ್ಲ ಮಾವ. ‘ಕೊನೇ ಹೆರಿಗೆಯಲ್ಲಿ ರಕ್ತ ಬಹಳ ಹೋಯ್ತಾ? ಮಗುವಿಗೆ ಹಾಲು ಬಂತಾ?’ ಅಂತ ಕೇಳೋದು. ಹೃದಯದ ಐಸಿಯುನಲ್ಲಿ ಅರವತ್ತು ವರ್ಷದ ಹೆಂಗಸಿಗೆ ಈ ಪ್ರಶ್ನೆ ಕೇಳಿದ್ದನ್ನ ನಾನು ನೋಡಿಲ್ಲ. ಗಂಡ ಸತ್ತ ವಿಷಯ ಮಾತ್ರ ಕೇಸ್ ಶೀಟಿನ ಮೊದಲ ಸಾಲಿನಲ್ಲೇ ಇರುತ್ತೆ. ಗಂಡಸರು ಬಿದ್ದರೆ ನಾವು ಕಾರಣ ಹುಡುಕ್ತೀವಿ, ಹೆಂಗಸರು ಬಿದ್ದರೆ ಕಥೆ ಹುಡುಕ್ತೀವಿ. ಕಥೆ ಸಿಕ್ಕಿದ ತಕ್ಷಣ ಫೈಲ್ ಮುಚ್ಚುತ್ತೆ.

ಹಿರಿಯರು: ಅಷ್ಟು ಕಠಿಣವಾಗಿ ಹೇಳಬೇಡ. ಕಥೆ ಕೇಳೋಕೆ ನಮ್ಮ ಹತ್ತಿರ ಟೈಮ್ ಇದ್ದಿದ್ದಕ್ಕೇ ಎಷ್ಟೋ ಜನ ಬದುಕಿದ್ದಾರೆ. ನಿಮ್ಮ ಓಪಿಡಿಯಲ್ಲಿ ರೋಗಿಗೆ ಎಷ್ಟು ಹೊತ್ತು ಕೊಡ್ತೀರಿ? ‘ಹಾಲು ಬಂತಾ’ ಅನ್ನೋ ಪ್ರಶ್ನೆ ಬಾಯಿಗೆ ಬರಬೇಕಾದರೆ ಅವಳ ಪಕ್ಕ ಕೂತಿರಬೇಕು. ಪ್ರಿಂಟಾದ ಪಟ್ಟಿ ಓದಿ ಟಿಕ್ ಹಾಕಿದರೆ ‘ಬಂತು ಡಾಕ್ಟ್ರೇ’ ಅಂದು ಮುಗಿಸ್ತಾಳೆ.

ಕಿರಿಯವಳು: ಅದು ನನಗೆ ತಾಗಿತು.

ಹಿರಿಯರು: ತಾಗಲಿ ಅಂತ ಅಲ್ಲ. ಔಷಧಿ ವಿಷಯಕ್ಕೆ ಬಾ. ನಾನು ಮೆಟೊಪ್ರೊಲಾಲ್ ಬರೆದಿದ್ದೆ. ಅಡ್ರಿನಲಿನ್ ತಡೆಯೋ ಔಷಧಿ, ಅಡ್ರಿನಲಿನ್ನಿನ ಕಾಯಿಲೆ. ತಪ್ಪೇನು?

ಕಿರಿಯವಳು: ಇವರಿಗೆ ಗ್ರೇವ್ಸ್ ಇರೋದರಿಂದ ಅದು ನಡುಕಕ್ಕೆ, ಎದೆಬಡಿತಕ್ಕೆ ಒಳ್ಳೆಯದೇ ಮಾಡಿದೆ. ಆದರೆ ಒಳಗೆ ಫಿಯೋ ಇದ್ದಿದ್ದರೆ? ಈ ಮಾತ್ರೆಯಿಂದ ಅಡ್ರಿನಲಿನ್ನಿನ ಬೀಟಾ ದಾರಿ ಮಾತ್ರ ಮುಚ್ಚಿ ಆಲ್ಫಾ ದಾರಿ ತೆರೆದಿಟ್ಟರೆ ನಾಳಗಳು ಬಿಗಿದು ಬಿಪಿ ಆಕಾಶಕ್ಕೆ ಏರುತ್ತೆ. ಅಲ್ಲಿ ಮೊದಲು ಪ್ರಾಜೋಸಿನ್‌ನಂಥ ಆಲ್ಫಾ ತಡೆ, ಆಮೇಲೆ ಬೀಟಾ, ಆಮೇಲೆ ಗೆಡ್ಡೆಯ ಆಪರೇಷನ್. ಇನ್ನು ತಕೋತ್ಸುಬೋ ಮಟ್ಟಿಗೆ ನೋಡಿದರೆ, ಆ 1,750 ಜನರ ಲೆಕ್ಕದಲ್ಲಿ ಬೀಟಾ ಬ್ಲಾಕರ್ ತಗೊಂಡವರು ವರ್ಷದ ಕೊನೆಗೆ ತಗೊಳ್ಳದವರಿಗಿಂತ ಹೆಚ್ಚಾಗಿ ಬದುಕಿ ಉಳಿದಿರಲಿಲ್ಲ. ಒಂದೇ ಮಾತ್ರೆ, ಗ್ರಂಥಿ ಯಾವುದು ಅನ್ನೋದರ ಮೇಲೆ ಸಲಹುತ್ತೆ ಇಲ್ಲ ಕೆಡಿಸುತ್ತೆ.

ಹಿರಿಯರು: ಶುಗರ್‌ನವರ ವಿಷಯ ತಕೋತ್ಸುಬೋದಲ್ಲಿ ವಿಚಿತ್ರ ಅಂತ ಎಲ್ಲೋ ಓದಿದೆ.

ಕಿರಿಯವಳು: ಹೌದು. ಹೃದಯಾಘಾತದವರಿಗೆ ಹೋಲಿಸಿದರೆ ತಕೋತ್ಸುಬೋದವರಲ್ಲಿ ಸಕ್ಕರೆ ಕಾಯಿಲೆ ಕಡಿಮೆ. ನರಗಳು ಮೊದಲೇ ಕೆಟ್ಟಿರೋದರಿಂದ ಅಡ್ರಿನಲಿನ್ ಅಷ್ಟು ಜೋರಾಗಿ ನುಗ್ಗಲ್ಲವೇನೋ ಅಂತ ಒಂದು ಊಹೆ ಇದೆ. ಅಷ್ಟರ ಮೇಲೆ ನಿಂತು ಏನೂ ಹೇಳೋಕಾಗಲ್ಲ.

ಹಿರಿಯರು: ಸರಿ. ಇಷ್ಟೆಲ್ಲ ಆದಮೇಲೆ ನನ್ನ ಭಯ ಕೇಳು. ಅವಳ ಮಗ ಇದ್ದಾನಲ್ಲ, ಅಪ್ಪ ಹೋದಮೇಲೆ ತೋಟ ಬಿಟ್ಟು ಅಮ್ಮನ ಪಕ್ಕ ಕೂರ್ತಾ ಇದ್ದಾನೆ. ‘ಅಮ್ಮನಿಗೆ ದುಃಖಕ್ಕೆ ಹೃದಯ ಸೋತಿತ್ತು’ ಅಂತ ನಾನು ಹೇಳಿದ್ದಕ್ಕೆ. ಈಗ ನೀನು ‘ಥೈರಾಯ್ಡು’ ಅಂದರೆ, ಓ ಅಷ್ಟೇನಾ, ಮಾತ್ರೆ ಇದೆಯಲ್ಲ ಅಂತಾನೆ. ಸಂಜೆ ಅವಳ ಹತ್ತಿರ ಯಾರು ಕೂರ್ತಾರೆ?

ಕಿರಿಯವಳು: ಬೆಳಿಗ್ಗೆ ಅವನೂ ಬಂದಿದ್ದ. ನನ್ನ ಹತ್ತಿರ ಬೇರೆಯೇ ಮಾತಾಡಿದ. ಅಪ್ಪನ್ನ ಬೆಂಗಳೂರಿಗೆ ಕರಕೊಂಡು ಹೋಗಲಿಲ್ಲ, ಅದಕ್ಕೆ ಅಪ್ಪ ಹೋದರು, ಅದಕ್ಕೇ ಅಮ್ಮನ ಎದೆ ಒಡೀತು, ಎರಡೂ ನನ್ನಿಂದಲೇ ಅಂದ. ಹೆಂಡತಿಯ ಕಡೆಯವರು ತಿಥಿಯ ದಿನ ಏನೋ ಮಾತಾಡಿದರಂತೆ, ಅದನ್ನ ಹಿಡಕೊಂಡು ಅವಳ ಹತ್ತಿರ ಮಾತು ಬಿಟ್ಟಿದ್ದಾನೆ. ದುಃಖ ಕಾರಣ ಅಂದಾಗ ಮನೆಯವರು ಸುಮ್ಮನಿರಲ್ಲ ಮಾವ, ದುಃಖ ಕೊಟ್ಟಿದ್ದು ಯಾರು ಅಂತ ಹುಡುಕ್ತಾರೆ. ಸಾಮಾನ್ಯವಾಗಿ ಸೊಸೆ ಸಿಗ್ತಾಳೆ.

ಹಿರಿಯರು: ಇದು ನನಗೆ ಗೊತ್ತಿರಲಿಲ್ಲ.

ಕಿರಿಯವಳು: ನಿಮ್ಮ ಮುಂದೆ ಅಳೋಕೆ ಅವನಿಗೆ ನಾಚಿಕೆ.

ಹೊರಗೆ ಕಾಂಪೌಂಡರ್ ಬೀಗದ ಕೈ ಹಿಡಿದು ಕಾಯುತ್ತಿದ್ದ. ಹಿರಿಯರು ಇನ್ನೈದು ನಿಮಿಷ ಎಂದು ಸನ್ನೆ ಮಾಡಿದರು.

ಹಿರಿಯರು: ಎರಡನ್ನೂ ಹೇಳಿದರೆ ಯಾವುದು ಅವನ ಕಿವಿಗೆ ಬೀಳುತ್ತೆ?

ಕಿರಿಯವಳು: ಗೊತ್ತಿಲ್ಲ. ಆದರೆ ಒಂದನ್ನೇ ಹೇಳೋಕೆ ನಮಗೆ ಹಕ್ಕಿಲ್ಲ.

ಹಿರಿಯರು: ಸೋಮವಾರ ಸಂತೆಗೆ ಬರ್ತಾರೆ. ಮಗ, ಸೊಸೆ ಇಬ್ಬರನ್ನೂ ಒಟ್ಟಿಗೆ ಕೂರಿಸ್ತೀನಿ. ಥೈರಾಯ್ಡಿನ ಮಾತ್ರೆ ನೀನು ಬರಿ. ಎಷ್ಟು ತಿಂಗಳು, ಯಾವಾಗ ರಕ್ತ ನೋಡಬೇಕು, ಜ್ವರ, ಗಂಟಲುನೋವು ಬಂದರೆ ಆ ಮಾತ್ರೆ ನಿಲ್ಲಿಸಿ ತಕ್ಷಣ ಓಡಿಬರಬೇಕು ಅನ್ನೋದನ್ನೂ ಕನ್ನಡದಲ್ಲಿ ಬರಿ. ಉಳಿದ ಮಾತು ನಾನು ಆಡ್ತೀನಿ.

ಕಿರಿಯವಳು: ಬರೀತೀನಿ. ಮೆಟಾನೆಫ್ರಿನ್?

ಹಿರಿಯರು: ಅವಳ ಬಿಪಿ ಏರಿಳಿದಿಲ್ಲ. ಗ್ರೇವ್ಸ್ ಸಿಕ್ಕಿದೆ. ಅವಳ ಕೈಗೆ ಆ ಕ್ಯಾನು ಕೊಡೋಕೆ ನಾನು ಒಪ್ಪಲ್ಲ.

ಕಿರಿಯವಳು: ಗ್ರೇವ್ಸ್ ಸಿಕ್ಕಿತು ಅಂತ ಈಗ ನಾವೂ ನಿಲ್ತಾ ಇದ್ದೀವಾ ಮಾವ?

ಹಿರಿಯರು: ಇರಬಹುದು. ಇನ್ನೊಂದು ಸಲ ಬಿಪಿ ಏರಿದರೆ ನಾನೇ ಫೋನ್ ಮಾಡ್ತೀನಿ.